ವಿಮಾನದ ಭಯ: ಹೆದರಿಸುವ ಸದ್ದೇ ಕಾಪಾಡುವ ಸದ್ದು

ಉಮ್ರಾಕ್ಕೆ ಟಿಕೆಟ್ ಆದ ಮೇಲೆ ದವಾಖಾನೆಗೆ ಬರುವ ಹಿರಿಯರ ದೂರುಗಳು ಹೆಚ್ಚುಕಡಿಮೆ ಒಂದೇ ಬಗೆಯವು. ರಾತ್ರಿ ನಿದ್ದೆ ಹತ್ತುವುದಿಲ್ಲ, ಎದೆ ಡವಡವ ಎನ್ನುತ್ತದೆ, ಅಂಗೈ ಬೆವರುತ್ತದೆ, ಹೊಟ್ಟೆ ಕಲಸಿದಂತಾಗುತ್ತದೆ. ನಾಡಿ ನೋಡಿ, ಬಿ.ಪಿ. ನೋಡಿ, ಎಲ್ಲ ಸರಿಯಿದೆ ಎಂದ ಮೇಲೆ ಮೆಲ್ಲಗೆ ನಿಜ ಸಂಗತಿ ಹೊರಬರುತ್ತದೆ: "ಡಾಕ್ಟರ್ ಸಾಬ್, ವಿಮಾನ ಅಂದ್ರ ಅಂಜಿಕಿ ಬರ್ತದ್ರಿ."

ಇದು ನಗುವ ಮಾತಲ್ಲ. ಈ ಅಂಜಿಕೆಯಿಂದಾಗಿ ಉಮ್ರಾವನ್ನು ವರ್ಷದಿಂದ ವರ್ಷಕ್ಕೆ ಮುಂದೂಡುವವರಿದ್ದಾರೆ. ದುಬೈಯಲ್ಲೋ ದಮ್ಮಾಮ್‌ನಲ್ಲೋ ದುಡಿಯುವ ಮಗ ಟಿಕೆಟ್ ಕಳಿಸಿದರೂ ಹೋಗದೆ, ಮೊಮ್ಮಗನ ಮುಖವನ್ನು ಮೊಬೈಲಿನಲ್ಲೇ ನೋಡುವ ತಾಯಂದಿರಿದ್ದಾರೆ. ಇನ್ನು ಕೆಲವರು ಯಾರಿಗೂ ಹೇಳದೆ ಮೆಡಿಕಲ್ ಅಂಗಡಿಯಿಂದ ನಿದ್ದೆ ಮಾತ್ರೆ ತಂದು ನುಂಗಿ ಹೊರಡುತ್ತಾರೆ. ಅದು ಭಯಕ್ಕಿಂತ ದೊಡ್ಡ ಅಪಾಯ. 2025ರ ಜೂನ್ 12ರಂದು ಅಹಮದಾಬಾದ್‌ನಲ್ಲಿ ಟೇಕಾಫ್ ಆದ ಕೂಡಲೇ ವಿಮಾನ ಬಿದ್ದು, ಅದರಲ್ಲಿದ್ದ 242 ಮಂದಿಯಲ್ಲಿ ಒಬ್ಬರು ಮಾತ್ರ ಬದುಕುಳಿದ ಮೇಲೆ ಈ ಭಯ ಹಲವು ಮನೆಗಳಿಗೆ ಹೊಸದಾಗಿ ಬಂದಿದೆ.

ಕರಾವಳಿಯ ಓದುಗರಿಗೆ ಇದಕ್ಕೆ ಇನ್ನೊಂದು ಕಾರಣವೂ ಇದೆ. ಮಂಗಳೂರಿನ ಬಜ್ಪೆ ಮತ್ತು ಕೇರಳದ ಕರಿಪುರ, ಅಂದರೆ ಕೋಝಿಕ್ಕೋಡ್, ಈ ಎರಡೂ ಗುಡ್ಡದ ಮೇಲಿನ ನಿಲ್ದಾಣಗಳು. ಗಲ್ಫ್‌ಗೆ ಹೋಗಿಬರುವ ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನ ಕುಟುಂಬಗಳಿಗೆ ಇವು ಮನೆಯ ಬಾಗಿಲಿದ್ದಂತೆ. ಅಲ್ಲಿ ಇಳಿಯುವಾಗ ಕಿಟಕಿಯಾಚೆ ಕಣಿವೆ ಕಂಡರೆ ಗಟ್ಟಿ ಎದೆಯವರೂ ಸೀಟಿನ ಹಿಡಿ ಬಿಗಿಯಾಗಿ ಹಿಡಿಯುತ್ತಾರೆ. ಈ ಭಯ ಎಲ್ಲಿಂದ ಹುಟ್ಟುತ್ತದೆ, ವಿಮಾನದ ಯಾವ ಸದ್ದಿಗೆ ಏನರ್ಥ, ದೇಹವನ್ನು ಪ್ರಯಾಣಕ್ಕೆ ಹೇಗೆ ಅಣಿಗೊಳಿಸಬೇಕು ಎಂಬುದನ್ನು ಒಂದೊಂದಾಗಿ ನೋಡೋಣ.

ಭಯ ಬಂದಾಗ ದೇಹದಲ್ಲಿ ಏನಾಗುತ್ತದೆ?

ಅಪಾಯವಿದೆ ಎಂದು ಮನಸ್ಸಿಗೆ ಅನಿಸಿದ ಕೂಡಲೇ ದೇಹ ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತದೆ. ಹೃದಯ ವೇಗವಾಗಿ ಬಡಿಯುತ್ತದೆ, ಸ್ನಾಯುಗಳು ಬಿಗಿಯುತ್ತವೆ, ಉಸಿರು ಚಿಕ್ಕದಾಗುತ್ತದೆ. ಓಡಲು ಅಥವಾ ಹೋರಾಡಲು ದೇಹ ಮಾಡಿಕೊಳ್ಳುವ ತಯಾರಿ ಇದು. ಆದರೆ ವಿಮಾನದಲ್ಲಿ ಓಡಲು ಜಾಗವಿಲ್ಲ, ಹೋರಾಡಲು ಎದುರಾಳಿಯಿಲ್ಲ. ಬೆಲ್ಟ್ ಹಾಕಿ ಸುಮ್ಮನೆ ಕೂತಿರಬೇಕು. ಹಾಗಾಗಿ ಎಲ್ಲ ತಯಾರಿಯೂ ಒಳಗೇ ಉಳಿದು ಎದೆಬಡಿತ, ನಡುಕ, ಬೆವರಾಗಿ ಕಾಡುತ್ತದೆ.

ಯೂನಾನಿ ಹಕೀಮರು ಈ ಎದೆಬಡಿತವನ್ನು ಖಫಖಾನ್ ಎನ್ನುತ್ತಾರೆ. ಭಯವಾದಾಗ ರೂಹ್ ಮತ್ತು ಅದರ ಶಾಖ ಹೊರಗಿನ ಅಂಗಗಳನ್ನು ಬಿಟ್ಟು ಥಟ್ಟನೆ ಒಳಕ್ಕೆ ಸರಿಯುತ್ತವೆ, ಕೋಪ ಬಂದಾಗ ಹೊರಕ್ಕೆ ನುಗ್ಗುತ್ತವೆ ಎಂದು ಇಬ್ನ್ ಸೀನಾ ಸಾವಿರ ವರ್ಷಗಳ ಹಿಂದೆಯೇ ವಿವರಿಸಿದ್ದರು. ಹೆದರಿದವನ ಮುಖ ಬಿಳಿಚುವುದನ್ನೂ ಕೈಕಾಲು ತಣ್ಣಗಾಗುವುದನ್ನೂ ನಾವೆಲ್ಲ ಕಂಡಿದ್ದೇವೆ.

ಇನ್ನೊಂದು ಸಂಗತಿ ತಿಳಿದಿರಲಿ. ಭಯದಲ್ಲಿ ಜನ ಬೇಗಬೇಗ ಉಸಿರಾಡುತ್ತಾರೆ. ಆಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ತಲೆ ಹಗುರಾಗುತ್ತದೆ, ಬೆರಳ ತುದಿ ಮತ್ತು ತುಟಿ ಜುಮ್ಮೆನ್ನುತ್ತವೆ, ಎದೆ ಬಿಗಿದಂತೆ ಆಗುತ್ತದೆ. "ಹಾರ್ಟ್ ಅಟ್ಯಾಕ್ ಆಯಿತೇನೋ" ಎಂದು ಭಯ ಇಮ್ಮಡಿಯಾಗುತ್ತದೆ, ಉಸಿರು ಇನ್ನೂ ವೇಗವಾಗುತ್ತದೆ. ಈ ಸುತ್ತನ್ನು ಕಡಿಯುವುದೇ ಅರ್ಧ ಚಿಕಿತ್ಸೆ. ಅದರ ವಿಧಾನ ಮುಂದೆ ಹೇಳಿದ್ದೇನೆ.

ಟೇಬಲ್‌ಟಾಪ್ ನಿಲ್ದಾಣ ಎಂದರೇನು?

ನಮ್ಮ ವಿಜಯಪುರ ಜಿಲ್ಲೆಯ ಹಳ್ಳಿಗಳಲ್ಲಿ ಮಣ್ಣಿನ ಮಾಳಿಗೆಯ ಮನೆಗಳಿವೆ. ಮಾಳಿಗೆಯ ಅಂಚಿಗೆ ಕುಂಬಿ ಇಲ್ಲದಿದ್ದರೆ ಅಲ್ಲಿ ಓಡಾಡುವವರು ಅಂಚು ಎಲ್ಲಿದೆ ಎಂದು ನೋಡಿಕೊಂಡೇ ಹೆಜ್ಜೆ ಇಡಬೇಕು. ಟೇಬಲ್‌ಟಾಪ್ ರನ್‌ವೇ ಅಂಥ ಕುಂಬಿ ಇಲ್ಲದ ಮಾಳಿಗೆ. ಗುಡ್ಡದ ತಲೆಯನ್ನು ಸಮ ಮಾಡಿ, ತಗ್ಗು ತುಂಬಿಸಿ ರನ್‌ವೇ ಕಟ್ಟಿರುತ್ತಾರೆ. ಅದರ ಕೊನೆಯಾಚೆ ಬಯಲಿಲ್ಲ, ಇಳಿಜಾರಿದೆ. ನಮ್ಮ ದೇಶದಲ್ಲಿ ಮಂಗಳೂರು, ಕೋಝಿಕ್ಕೋಡ್, ಮಿಜೋರಾಂನ ಲೆಂಗ್‌ಪುಯಿ, ಸಿಕ್ಕಿಂನ ಪಾಕ್ಯೋಂಗ್, ಹಿಮಾಚಲದ ಶಿಮ್ಲಾ ಈ ಬಗೆಯವು.

ಮಂಗಳೂರಿನಲ್ಲಿ 1951ರಲ್ಲಿ ಆರಂಭವಾದ ಹಳೆಯ ರನ್‌ವೇ ಸುಮಾರು 1,600 ಮೀಟರ್ ಉದ್ದದ್ದು. 2006ರಲ್ಲಿ ಸುಮಾರು 2,450 ಮೀಟರ್ ಉದ್ದದ ಎರಡನೇ ರನ್‌ವೇ ಬಂದ ಮೇಲೆ ದೊಡ್ಡ ಜೆಟ್ ವಿಮಾನಗಳು ಇಳಿಯತೊಡಗಿದವು, ದುಬೈಗೆ ನೇರ ಹಾರಾಟವೂ ಶುರುವಾಯಿತು. ಹೋಲಿಕೆಗೆ ಹೇಳುವುದಾದರೆ ಬೆಂಗಳೂರಿನ ಕೆಂಪೇಗೌಡ ನಿಲ್ದಾಣದ ರನ್‌ವೇ 4,000 ಮೀಟರ್. ಮಂಗಳೂರಿನ ಉದ್ದ ನಿತ್ಯದ ಹಾರಾಟಕ್ಕೆ ಸಾಕು, ಆದರೆ ತಪ್ಪು ಮಾಡಿ ತಿದ್ದಿಕೊಳ್ಳಲು ಹೆಚ್ಚು ಜಾಗವಿಲ್ಲ. ಅದಕ್ಕಾಗಿಯೇ ಇಂಥ ಕಡೆ ವಿಮಾನ ಇಳಿಸಲು ಪೈಲಟ್‌ಗಳಿಗೆ ಪ್ರತ್ಯೇಕ ತರಬೇತಿ ಮತ್ತು ಅರ್ಹತೆ ಬೇಕು.

ಹುಬ್ಬಳ್ಳಿ, ಕಲಬುರಗಿಯಂಥ ನಮ್ಮ ಉತ್ತರ ಕರ್ನಾಟಕದ ನಿಲ್ದಾಣಗಳು ಬಯಲು ಸೀಮೆಯವು. ಮುದ್ದೇಬಿಹಾಳ, ಸಿಂದಗಿ ಕಡೆಯಿಂದ ಹೊರಡುವವರು ಬಹಳಷ್ಟು ಸಲ ಬೆಂಗಳೂರು, ಹೈದರಾಬಾದ್ ಅಥವಾ ಮುಂಬೈಯಿಂದ ವಿಮಾನ ಹಿಡಿಯುತ್ತಾರೆ. ಅವು ಉದ್ದದ ರನ್‌ವೇಗಳು. ಆದರೂ ಟಿ.ವಿ.ಯಲ್ಲಿ ಕಂಡ ಬಜ್ಪೆಯ ಚಿತ್ರ ಮನಸ್ಸಿನಲ್ಲಿ ಉಳಿದಿರುತ್ತದೆ. ಹಾಗಾಗಿ ಅಲ್ಲಿ ನಡೆದದ್ದೇನು ಎಂಬುದನ್ನು ಎಲ್ಲರೂ ಸರಿಯಾಗಿ ತಿಳಿದಿರಬೇಕು.

ಎರಡು ದುರಂತ, ಒಂದೇ ಪಾಠ

2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ 812 ವಿಮಾನ ಮಂಗಳೂರಿನ ರನ್‌ವೇ ದಾಟಿ ಕಣಿವೆಗೆ ಬಿತ್ತು. ಅದರಲ್ಲಿದ್ದ 166 ಜನರಲ್ಲಿ 158 ಮಂದಿ ತೀರಿಕೊಂಡರು, 8 ಮಂದಿ ಬದುಕಿದರು. ದಕ್ಷಿಣ ಕನ್ನಡ, ಕಾಸರಗೋಡಿನ ಎಷ್ಟೋ ಮೊಹಲ್ಲಾಗಳಿಂದ ಒಂದೇ ದಿನ ಹಲವು ಜನಾಝಾಗಳು ಹೊರಟವು. ಅಲ್ಲಾಹನು ಅವರೆಲ್ಲರ ಮೇಲೆ ಕರುಣೆ ತೋರಲಿ.

ತನಿಖೆ ಹೇಳಿದ್ದೇನು? ವಿಮಾನ ಇರಬೇಕಾದದ್ದಕ್ಕಿಂತ ಎತ್ತರದಲ್ಲಿ, ಹೆಚ್ಚು ವೇಗದಲ್ಲಿ ಬಂದಿತ್ತು. 2,450 ಮೀಟರ್ ರನ್‌ವೇಯಲ್ಲಿ ಸುಮಾರು 1,600 ಮೀಟರ್ ಕಳೆದ ಮೇಲೆ ಅದರ ಚಕ್ರಗಳು ನೆಲಕ್ಕೆ ತಾಗಿದವು. ಇಳಿಸುವುದು ಬೇಡ, ಮತ್ತೆ ಮೇಲೇರೋಣ ಎಂದು ಸಹ ಪೈಲಟ್ 3 ಬಾರಿ ಹೇಳಿದ್ದರೂ ಕ್ಯಾಪ್ಟನ್ ಇಳಿಸಲು ಮುಂದಾದರು.

ಹತ್ತು ವರ್ಷಗಳ ನಂತರ, 2020ರ ಆಗಸ್ಟ್ 7ರಂದು, ಕೋವಿಡ್ ಕಾಲದಲ್ಲಿ ದುಬೈಯಿಂದ ಊರಿಗೆ ಮರಳುತ್ತಿದ್ದವರನ್ನು ಹೊತ್ತ ವಿಮಾನ ಕೋಝಿಕ್ಕೋಡ್‌ನಲ್ಲಿ ಜಾರಿತು. 190 ಮಂದಿಯಲ್ಲಿ ಇಬ್ಬರೂ ಪೈಲಟ್‌ಗಳು ಸೇರಿ 21 ಮಂದಿ ತೀರಿಕೊಂಡರು. ಜೋರು ಮಳೆಯಿತ್ತು, ಹಿಂದಿನಿಂದ ಗಾಳಿ ದೂಡುತ್ತಿತ್ತು. 2,700 ಮೀಟರ್ ರನ್‌ವೇಯಲ್ಲಿ ಹೆಚ್ಚುಕಡಿಮೆ ಅರ್ಧ ದಾಟಿದ ಮೇಲೆ ಚಕ್ರ ನೆಲಕ್ಕೆ ತಾಗಿತು. ಅಲ್ಲಿಯೂ ಇನ್ನೊಬ್ಬ ಪೈಲಟ್ ಮತ್ತೆ ಮೇಲೇರಲು ಹೇಳಿದ್ದರೆಂದು ತನಿಖೆ ದಾಖಲಿಸಿದೆ. ಸುತ್ತಲಿನ ಜನ ಆ ಮಳೆಯಲ್ಲಿ, ಸೋಂಕಿನ ಭಯವನ್ನೂ ಲೆಕ್ಕಿಸದೆ ಓಡಿಬಂದು ಗಾಯಾಳುಗಳನ್ನು ತಮ್ಮ ವಾಹನಗಳಲ್ಲೇ ಆಸ್ಪತ್ರೆಗೆ ಸಾಗಿಸಿದರು. ಅಂಥವರ ಸೇವೆಯನ್ನೂ ನಾವು ಮರೆಯಬಾರದು.

ಮಂಗಳೂರಿನ ಹಳೆಯ ರನ್‌ವೇಯಲ್ಲಿ 1981ರ ಆಗಸ್ಟ್ 19ರಂದು ಇಂಡಿಯನ್ ಏರ್‌ಲೈನ್ಸ್‌ನ ಆವ್ರೋ ವಿಮಾನವೂ ರನ್‌ವೇ ದಾಟಿತ್ತು. ಆಗ ಯಾರ ಪ್ರಾಣಕ್ಕೂ ಅಪಾಯವಾಗಲಿಲ್ಲ.

ಎರಡು ದುರಂತಗಳ ಪಾಠ ಇಷ್ಟೇ. ರನ್‌ವೇಯ ಆರಂಭದ ಭಾಗದಲ್ಲೇ ಗಟ್ಟಿಯಾಗಿ ಇಳಿಯಬೇಕು. ಅದು ಸಾಧ್ಯವಿಲ್ಲ ಎನಿಸಿದರೆ ಇಳಿಯದೆ ಮೇಲೇರಿ, ಸುತ್ತು ಹಾಕಿ ಮತ್ತೆ ಬರಬೇಕು. ಹಾಗೆ ಮೇಲೇರುವುದಕ್ಕೆ ಗೋ ಅರೌಂಡ್ ಎನ್ನುತ್ತಾರೆ. ಅಂದರೆ ಪ್ರಯಾಣಿಕರಾದ ನಾವು ಯಾವುದಕ್ಕೆ ಹೆದರಿ ಕಿರುಚುತ್ತೇವೆಯೋ, ಆ ಗಟ್ಟಿ ಹೊಡೆತ, ಜೋರು ಬ್ರೇಕು, ನೆಲ ಮುಟ್ಟುವ ಮುನ್ನ ಥಟ್ಟನೆ ಮೇಲೇರುವುದು, ಇವೇ ನಮ್ಮನ್ನು ಕಾಪಾಡುವ ಕ್ರಮಗಳು. ಹೂವಿನಂತೆ ಇಳಿಸಿದ ಪೈಲಟ್ ಜಾಣ, ಧಡ್ ಎಂದು ಇಳಿಸಿದವನು ಕಲಿಯದವನು ಎಂಬ ನಮ್ಮ ಲೆಕ್ಕ ಗುಡ್ಡದ ರನ್‌ವೇಯಲ್ಲಿ ತಪ್ಪು. ಮೆತ್ತಗೆ ಇಳಿಸಲು ಹೋಗಿ ವಿಮಾನ ತೇಲುತ್ತಾ ಸಾಗಿದರೆ ಪ್ರತಿ ಸೆಕೆಂಡಿಗೆ 60-70 ಮೀಟರ್ ರನ್‌ವೇ ಹಿಂದೆ ಸರಿದುಹೋಗುತ್ತದೆ.

ಯಾವ ಸದ್ದಿಗೆ ಏನರ್ಥ?

ಹೆದರುವವರು ಇಷ್ಟನ್ನು ಎರಡು ಮೂರು ಬಾರಿ ಓದಿಕೊಳ್ಳಲಿ. ಓದು ಬಾರದ ಹಿರಿಯರಿಗೆ ಮನೆಯ ಮಕ್ಕಳು ಓದಿ ಹೇಳಲಿ.

ಟೇಕಾಫ್‌ಗೆ ಮುನ್ನ ಎಂಜಿನ್ ಜೋರಾಗಿ ಗರ್ಜಿಸುತ್ತದೆ. ಚಿಕ್ಕ ರನ್‌ವೇಗಳಲ್ಲಿ ಕೆಲವೊಮ್ಮೆ ಬ್ರೇಕ್ ಹಿಡಿದೇ ಎಂಜಿನ್‌ನ ಶಕ್ತಿ ಏರಿಸಿ ಆಮೇಲೆ ಬಿಡುತ್ತಾರೆ. ಆಗ ಬೆನ್ನು ಸೀಟಿಗೆ ಒತ್ತಿಕೊಳ್ಳುತ್ತದೆ.

ನೆಲ ಬಿಟ್ಟ ಮೇಲೆ ಕಾಲಡಿಯಲ್ಲಿ ಧಡ್ ಎಂಬ ಸದ್ದು ಬರುತ್ತದೆ. ಅದು ಚಕ್ರಗಳು ಹೊಟ್ಟೆಯೊಳಗೆ ಮಡಚಿಕೊಂಡ ಸದ್ದು.

ಒಂದೆರಡು ನಿಮಿಷದಲ್ಲಿ ಎಂಜಿನ್ ಸದ್ದು ಇದ್ದಕ್ಕಿದ್ದಂತೆ ಇಳಿಯುತ್ತದೆ, ವಿಮಾನ ಕೆಳಕ್ಕೆ ಕುಸಿದಂತೆ ಅನಿಸುತ್ತದೆ. ಹೆಚ್ಚು ಜನ ಹೆದರುವುದು ಇಲ್ಲೇ. ನಿಜಕ್ಕೂ ವಿಮಾನ ಏರುತ್ತಲೇ ಇರುತ್ತದೆ. ಟೇಕಾಫ್‌ಗೆ ಬೇಕಿದ್ದಷ್ಟು ಶಕ್ತಿ ಈಗ ಬೇಡವೆಂದು ಪೈಲಟ್ ಕಡಿಮೆ ಮಾಡಿರುತ್ತಾರೆ. ಕಿವಿಯ ಒಳಗಿನ ಸಮತೋಲನದ ಅಂಗ ಈ ಬದಲಾವಣೆಯನ್ನು ಬೀಳುವಿಕೆ ಎಂದು ತಪ್ಪಾಗಿ ಗ್ರಹಿಸುತ್ತದೆ.

ರೆಕ್ಕೆಯ ಕಡೆಯಿಂದ ಕುಂಯ್ ಎಂಬ ಮೋಟಾರಿನ ಸದ್ದು ಬಂದರೆ, ರೆಕ್ಕೆಯ ಹಿಂಬದಿಯ ಪಟ್ಟಿಗಳು ಹೊರಗೆ ಅಥವಾ ಒಳಗೆ ಸರಿಯುತ್ತಿವೆ ಎಂದರ್ಥ. ನಿಧಾನವಾಗಿ ಹಾರುವಾಗ ಆಸರೆ ಕೊಡುವುದು ಈ ಪಟ್ಟಿಗಳೇ.

ಆಕಾಶದಲ್ಲಿ ಕುಲುಕಿದರೆ ಅದು ಗಾಳಿಯ ಏರುಪೇರು. ಹೊಲದ ಹಾದಿಯಲ್ಲಿ ಟಂಟಂನಲ್ಲಿ ಕೂತಾಗಲೂ ಕುಲುಕುತ್ತದೆ, ಆದರೆ ಟಂಟಂ ಮುರಿಯುವುದಿಲ್ಲ. ಕುಲುಕಿಗೆ ಬಾಗಲೆಂದೇ ರೆಕ್ಕೆಗಳನ್ನು ಕಟ್ಟಿರುತ್ತಾರೆ. ಇಲ್ಲಿ ಪೆಟ್ಟಾಗುವುದು ಹೆಚ್ಚಾಗಿ ಬೆಲ್ಟ್ ಹಾಕದವರಿಗೆ. ಸೂಚನಾ ದೀಪ ಆರಿದರೂ ಬೆಲ್ಟ್ ಹಾಕಿಯೇ ಇರಿ.

ಇಳಿಯುವಾಗ ಮತ್ತೆ ಧಡ್ ಎಂದರೆ ಚಕ್ರಗಳು ಹೊರಬಂದಿವೆ. ನೆಲ ತಾಗಿದ ಮೇಲೆ ಎಂಜಿನ್ ಮತ್ತೆ ಗರ್ಜಿಸಿದರೆ, ಅದರ ರಭಸವನ್ನು ಮುಂದಕ್ಕೆ ತಿರುಗಿಸಿ ವೇಗ ತಗ್ಗಿಸುತ್ತಿದ್ದಾರೆ. ರೆಕ್ಕೆಯ ಮೇಲೆ ಹಲಗೆಗಳು ಎದ್ದು ನಿಂತರೆ ಏನೂ ಮುರಿದಿಲ್ಲ, ವಿಮಾನದ ಭಾರ ಚಕ್ರದ ಮೇಲೆ ಬಿದ್ದು ಬ್ರೇಕ್ ಹಿಡಿಯಲೆಂದು ಅವು ಏಳುತ್ತವೆ. ಮಂಗಳೂರಿನಲ್ಲಿ ಈ ಬ್ರೇಕು ಜೋರಾಗಿಯೇ ಇರುತ್ತದೆ. ಮೈ ಮುಂದಕ್ಕೆ ಬಾಗಿದಾಗ "ಬ್ರೇಕ್ ಹಿಡಿಯಿತು, ಅಲ್‌ಹಮ್ದುಲಿಲ್ಲಾಹ್" ಎಂದುಕೊಳ್ಳಿ.

ಇಳಿಯುತ್ತಿದ್ದ ವಿಮಾನ ಮತ್ತೆ ಏರಿದರೆ ಪೈಲಟ್‌ನನ್ನು ಬೈಯಬೇಡಿ. ಅರ್ಧ ಗಂಟೆ ತಡವಾಗಬಹುದು. ಆ ಎರಡು ದಿನಗಳಲ್ಲಿ ಹಾಗೆ ಏರಿದ್ದರೆ ಎಷ್ಟೋ ಜೀವಗಳು ಉಳಿಯುತ್ತಿದ್ದವು.

ಜಗತ್ತಿನ ಇನ್ನಷ್ಟು ಕಷ್ಟದ ನಿಲ್ದಾಣಗಳು

ಮಂಗಳೂರಿಗಿಂತ ಕಷ್ಟದ ಜಾಗಗಳಲ್ಲೂ ದಿನವೂ ವಿಮಾನಗಳು ಇಳಿಯುತ್ತವೆ. ಭೂತಾನಿನ ಪಾರೋ ನಿಲ್ದಾಣಕ್ಕೆ ಬೆಟ್ಟಗಳ ನಡುವಿನ ಕಣಿವೆಯಲ್ಲಿ ತಿರುಗುತ್ತಾ ಇಳಿಯಬೇಕು. ವಿಶೇಷ ತರಬೇತಿ ಪಡೆದ ಕೆಲವೇ ಪೈಲಟ್‌ಗಳಿಗೆ ಅಲ್ಲಿ ಅನುಮತಿ. ನೇಪಾಳದ ಲುಕ್ಲಾದಲ್ಲಿ ರನ್‌ವೇ ಕೇವಲ 527 ಮೀಟರ್, ಅದೂ ಏರುಮುಖ. ಅಲ್ಲಿಗೆ ಹೋಗುವುದು ಚಿಕ್ಕ ವಿಮಾನಗಳು ಮಾತ್ರ. ಅವು ಏರುದಾರಿಯಲ್ಲಿ ಇಳಿದು ವೇಗ ಕಳೆದುಕೊಳ್ಳುತ್ತವೆ, ಇಳಿದಾರಿಯಲ್ಲಿ ಓಡಿ ಹಾರುತ್ತವೆ. ಲಂಡನ್ ನಗರದೊಳಗಿನ ಸಿಟಿ ಏರ್‌ಪೋರ್ಟ್‌ಗೆ ಬೇರೆಡೆಯ 3 ಡಿಗ್ರಿಯ ಬದಲು 5.5 ಡಿಗ್ರಿ ಕಡಿದಾಗಿ ಇಳಿಯುತ್ತಾರೆ.

ನಮ್ಮದೇ ಲೇಹ್ ಸುಮಾರು 3,250 ಮೀಟರ್ ಎತ್ತರದಲ್ಲಿದೆ. ಮಧ್ಯಾಹ್ನದ ಮೇಲೆ ಗಾಳಿ ಜೋರಾಗುವುದರಿಂದ ಅಲ್ಲಿನ ಹಾರಾಟ ಹೆಚ್ಚಾಗಿ ಬೆಳಿಗ್ಗೆ ನಡೆಯುತ್ತದೆ. ಲೇಹ್‌ಗೆ ಹೋಗುವವರಿಗೆ ವೈದ್ಯನಾಗಿ ಒಂದು ಮಾತು: ಅಲ್ಲಿ ಲ್ಯಾಂಡಿಂಗ್‌ಗಿಂತ ಹೆಚ್ಚು ಎಚ್ಚರ ಬೇಕಾದದ್ದು ಇಳಿದ ಮೇಲೆ. ಗಾಳಿಯಲ್ಲಿ ಪ್ರಾಣವಾಯು ಕಡಿಮೆ. ಮೊದಲ ಒಂದೆರಡು ದಿನ ವಿಶ್ರಾಂತಿ ತೆಗೆದುಕೊಳ್ಳಿ. ಹೃದಯ, ಶ್ವಾಸಕೋಶದ ತೊಂದರೆಯಿರುವವರು ವೈದ್ಯರನ್ನು ಕೇಳದೆ ಹೋಗಬೇಡಿ.

ಈ ನಿಲ್ದಾಣಗಳೆಲ್ಲ ನಡೆಯುತ್ತಿರುವುದು ಪ್ರತಿಯೊಂದಕ್ಕೂ ಅದರದೇ ಕಟ್ಟುಪಾಡು ಇರುವುದರಿಂದ. ಕಟ್ಟುಪಾಡು ಮುರಿದಾಗ ಅಪಾಯ ಬರುತ್ತದೆ. ಇದು ರಸ್ತೆಗೂ ಅನ್ವಯಿಸುತ್ತದೆ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,000ಕ್ಕೂ ಹೆಚ್ಚು ಜನ ಸತ್ತರು. ಆದರೂ ಹೆಲ್ಮೆಟ್ ಇಲ್ಲದೆ ಬೈಕಿನಲ್ಲಿ ಮೂವರು ಕೂತು ಹೋಗುವಾಗ ನಮಗೆ ಖಫಖಾನ್ ಬರುವುದಿಲ್ಲ!

ಪ್ರಯಾಣಕ್ಕೆ ಮುನ್ನ: ಆರು ಅಗತ್ಯಗಳು

ಆರೋಗ್ಯ ನಿಂತಿರುವುದು ಆರು ಅಗತ್ಯಗಳ ಮೇಲೆ ಎನ್ನುತ್ತದೆ ಯೂನಾನಿ ಶಾಸ್ತ್ರ. ಇವಕ್ಕೆ ಅಸ್ಬಾಬೆ ಸಿತ್ತಾ ಝರೂರಿಯಾ ಎಂದು ಹೆಸರು. ವಿಮಾನ ಪ್ರಯಾಣಕ್ಕೆ ಇವನ್ನೇ ಲೆಕ್ಕ ಹಾಕಿಕೊಳ್ಳಿ.

1. ಗಾಳಿ: ವಿಮಾನದೊಳಗಿನ ಗಾಳಿಯ ಒತ್ತಡ ಸುಮಾರು 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿನಷ್ಟು ಇರುತ್ತದೆ, ಗಾಳಿ ಬಹಳ ಒಣಗಿರುತ್ತದೆ. ಇಳಿಯುವಾಗ ಕಿವಿ ಕಟ್ಟುತ್ತದೆ. ಉಗುಳು ನುಂಗಿ, ಆಕಳಿಸಿ, ಪೆಪ್ಪರ್‌ಮಿಂಟ್ ಚೀಪಿ. ಹಸುಗೂಸಿಗೆ ಆ ಹೊತ್ತಿಗೆ ಹಾಲೂಡಿಸಿ. ನೆಗಡಿ ಜೋರಾಗಿದ್ದರೆ ಮೊದಲೇ ವೈದ್ಯರನ್ನು ಕಾಣಿ.

2. ಅನ್ನ, ನೀರು: ಖಾಲಿ ಹೊಟ್ಟೆಯಲ್ಲಿ ಚಹಾದ ಮೇಲೆ ಚಹಾ ಕುಡಿದರೆ ಎದೆಬಡಿತ ತಾನಾಗಿಯೇ ಬರುತ್ತದೆ. ಹಿಂದಿನ ರಾತ್ರಿಯ ಬೀಳ್ಕೊಡುಗೆ ದಾವತ್‌ನಲ್ಲಿ ಬಿರಿಯಾನಿ ಮಿತವಾಗಿರಲಿ. ಹೊರಡುವಾಗ ಜೋಳದ ರೊಟ್ಟಿ, ಮೊಸರನ್ನ, ಗಂಜಿಯಂಥ ಹಗುರ ಊಟ ಸಾಕು. ನೀರು ಆಗಾಗ ಕುಡಿಯಿರಿ.

3. ದೇಹದ ಚಲನೆ ಮತ್ತು ವಿಶ್ರಾಂತಿ: ಜಿದ್ದಾಕ್ಕೆ 5-6 ಗಂಟೆ ಕೂತಿರಬೇಕಾಗುತ್ತದೆ. ಗಂಟೆಗೊಮ್ಮೆ ಪಾದ ಮೇಲೆ ಕೆಳಗೆ ಆಡಿಸಿ, ಮೀನಖಂಡ ಬಿಗಿದು ಬಿಡಿ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲು ಇದು ಬೇಕು.

4. ಮನಸ್ಸಿನ ಚಲನೆ ಮತ್ತು ವಿಶ್ರಾಂತಿ: ಹೊರಡುವ ವಾರ ವಿಮಾನ ಅಪಘಾತದ ವಿಡಿಯೋಗಳನ್ನು ನೋಡಬೇಡಿ, ವಾಟ್ಸ್‌ಆ್ಯಪ್‌ನಲ್ಲಿ ಬಂದರೆ ಅಳಿಸಿ. ರೆಕ್ಕೆಯ ಹತ್ತಿರದ ಸೀಟು ಕೇಳಿ, ಅಲ್ಲಿ ಕುಲುಕು ಕಡಿಮೆ.

5. ನಿದ್ದೆ, ಎಚ್ಚರ: ನಮ್ಮ ಭಾಗದವರು ಸೋಲುವುದು ಇಲ್ಲೇ. ನಾಲತವಾಡ, ತಾಳಿಕೋಟೆ ಕಡೆಯಿಂದ ರಾತ್ರಿಯಿಡೀ ಬಸ್ಸಿನಲ್ಲಿ ಕುಲುಕಿ, ನಿದ್ದೆಗೆಟ್ಟು, ನೇರ ನಿಲ್ದಾಣಕ್ಕೆ ಹೋದರೆ ಯಾರ ಎದೆಯೂ ಹೊಡೆದುಕೊಳ್ಳುತ್ತದೆ. ಅನುಕೂಲವಿದ್ದರೆ ಒಂದು ದಿನ ಮೊದಲೇ ಹೋಗಿ ನೆಂಟರ ಮನೆಯಲ್ಲೋ ಮುಸಾಫಿರ್‌ಖಾನೆಯಲ್ಲೋ ಮಲಗಿ ಎದ್ದು ಹೊರಡಿ.

6. ವಿಸರ್ಜನೆ: ಶೌಚದ ಅವಸರ ತಡೆದು ಕೂರಬೇಡಿ. ಹೆದರಿ ನೀರು ಕುಡಿಯದೆ ಇರುವುದೂ ತಪ್ಪು. ವುಝೂ ನಿಲ್ದಾಣದಲ್ಲೇ ಮಾಡಿಕೊಳ್ಳಿ. ವಿಮಾನದ ಶೌಚಾಲಯದ ನೆಲದಲ್ಲಿ ನೀರು ಚೆಲ್ಲಿದರೆ ಮುಂದಿನವರು ಜಾರುತ್ತಾರೆ. ಬರಿಗಾಲಲ್ಲಿ ಒಳಗೆ ಹೋಗಬೇಡಿ, ಹೊರಬಂದ ಮೇಲೆ ಕೈ ತೊಳೆದಿರಲಿ.

ಸೀಟಿನಲ್ಲಿ ಕೂತಾಗ

ಎದೆಬಡಿತ ಏರಿತೆಂದರೆ ಹೀಗೆ ಮಾಡಿ. ಮೂಗಿನಿಂದ 4 ಎಣಿಸುವಷ್ಟು ಉಸಿರು ಎಳೆದುಕೊಳ್ಳಿ. ಆಮೇಲೆ 6 ಎಣಿಸುವಷ್ಟು ನಿಧಾನವಾಗಿ ಬಿಡಿ. ಬಿಡುವ ಉಸಿರು ಎಳೆಯುವ ಉಸಿರಿಗಿಂತ ಉದ್ದವಿರಬೇಕು. ಎಣಿಕೆ ಬೇಡವೆನಿಸಿದರೆ ಉಸಿರು ಬಿಡುವಾಗ ಸುಬ್‌ಹಾನಲ್ಲಾಹ್ ಎಂದು ಎಳೆದು ಮನಸ್ಸಿನಲ್ಲೇ ಹೇಳಿಕೊಳ್ಳಿ. ಐದು ನಿಮಿಷ ಹೀಗೆ ಮಾಡಿದರೆ ಬೆರಳಿನ ಜುಮ್ಮು, ತಲೆಯ ಹಗುರು ಇಳಿಯತೊಡಗುತ್ತವೆ. ಸಫರ್‌ನ ದುಆ ಓದುವಾಗಲೂ ಅವಸರ ಬೇಡ, ನಿಲ್ಲಿಸಿ ನಿಲ್ಲಿಸಿ ಓದಿ.

ನಂತರ ಮುಷ್ಟಿ ಬಿಗಿದು ಬಿಡಿ, ಭುಜ ಏರಿಸಿ ಇಳಿಸಿ, ಹಲ್ಲು ಕಚ್ಚಿಕೊಂಡಿದ್ದರೆ ದವಡೆ ಸಡಿಲಿಸಿ. ಹೆದರಿಕೆಯಿದೆ ಎಂದು ಗಗನಸಖಿಗೆ ಮೊದಲೇ ಹೇಳಿ. ಇದರಲ್ಲಿ ನಾಚಿಕೆಯಿಲ್ಲ, ಅವರಿಗೆ ಇಂಥವರನ್ನು ನೋಡಿಕೊಂಡು ರೂಢಿಯಿದೆ. ತುರ್ತು ಬಾಗಿಲು ಎಷ್ಟು ಸಾಲಿನಾಚೆ ಇದೆ ಎಂದು ಎಣಿಸಿಟ್ಟುಕೊಳ್ಳಿ. ಇಳಿದೋಡುವ ಸಂದರ್ಭ ಬಂದರೆ ಬ್ಯಾಗು, ಚೀಲಕ್ಕೆ ಕೈ ಹಾಕಬಾರದು.

ಒಂದು ಎಚ್ಚರಿಕೆ. ಸಕ್ಕರೆ ಕಾಯಿಲೆಯವರಿಗೆ ರಕ್ತದಲ್ಲಿ ಸಕ್ಕರೆ ಇಳಿದಾಗಲೂ ಇದೇ ಬೆವರು, ನಡುಕ, ಎದೆಬಡಿತ ಬರುತ್ತದೆ. ಅದನ್ನು ಭಯವೆಂದು ತಳ್ಳಿಹಾಕಬೇಡಿ. ಕೈಚೀಲದಲ್ಲಿ ಖರ್ಜೂರ, ಗ್ಲೂಕೋಸ್ ಇರಲಿ. ರಮಝಾನಿನಲ್ಲಿ ಪ್ರಯಾಣಿಸುವವರಿಗೆ ದೀನ್ ಕೊಟ್ಟ ರಿಯಾಯಿತಿ ಇದೆ, ಅದನ್ನು ಬಳಸಿಕೊಳ್ಳಿ.

ಔಷಧ: ಏನು ಸರಿ, ಏನು ಬೇಡ?

ಖಮೀರಾ ಗಾವ್‌ಝಬಾನ್ ಎದೆಬಡಿತಕ್ಕೂ ಹೃದಯದ ಬಲಕ್ಕೂ ಹಕೀಮರು ಬಹುಕಾಲದಿಂದ ಕೊಡುತ್ತಾ ಬಂದ ಔಷಧ. ಆದರೆ ಖಮೀರಾ ತಯಾರಾಗುವುದೇ ಸಕ್ಕರೆ ಪಾಕದಲ್ಲಿ. ಸಕ್ಕರೆ ಕಾಯಿಲೆಯವರು ಕೇಳದೆ ತಿನ್ನಬಾರದು. ಬಿ.ಪಿ., ಹೃದಯದ ಮಾತ್ರೆ ನಿಲ್ಲಿಸಿ ಇದನ್ನು ತೆಗೆದುಕೊಳ್ಳುವುದಂತೂ ಕೂಡದು. ಪಾಕದಂಥ ಔಷಧ ಅಂತರರಾಷ್ಟ್ರೀಯ ಹಾರಾಟದಲ್ಲಿ ಕೈಚೀಲದ 100 ಮಿ.ಲೀ. ಮಿತಿಯೊಳಗೆ ಬರುತ್ತದೆ ಎಂಬುದನ್ನೂ ನೆನಪಿಡಿ.

ಹೆದರುವವರಿಗೆ ಗುಲಾಬ್ ಅರ್ಕ್, ಅತ್ತರ್ ಮೂಸಲು ಕೊಡುವ ರೂಢಿ ಮನೆಗಳಲ್ಲಿದೆ. ಇಹ್ರಾಮ್‌ನ ನಿಯ್ಯತ್ ಮಾಡಿದ ಮೇಲೆ ಸುಗಂಧ ನಿಷಿದ್ಧ. ಇದನ್ನೂ, ಸುಗಂಧ ಬೆರೆತ ಔಷಧಗಳ ವಿಷಯವನ್ನೂ ಹೊರಡುವ ಮುನ್ನವೇ ಆಲಿಮರಲ್ಲಿ ಕೇಳಿಕೊಳ್ಳಿ.

ಇನ್ನು ಬಹಳ ಮುಖ್ಯವಾದ ಮಾತು. ನಿದ್ದೆಗೆಂದು ಕೆಲವರು ಖಮೀರಾ ಖಶ್‌ಖಾಶ್ ಒಯ್ಯುತ್ತಾರೆ, ಮಕ್ಕಳಿಗೆಂದು ತಾಯಂದಿರು ಡಬ್ಬಿಯಲ್ಲಿ ಗಸಗಸೆ ಕಟ್ಟುತ್ತಾರೆ. ಸೌದಿ ಅರೇಬಿಯಾ, ಯು.ಎ.ಇ.ಗಳಲ್ಲಿ ಗಸಗಸೆ ನಿಷೇಧಿತ. ಸಿಕ್ಕಿಬಿದ್ದರೆ ಮಾದಕ ವಸ್ತುವಿನ ಕೇಸಾಗಬಹುದು. ಅಫೀಮು ಸೇರಿದ ಬರ್ಶಾಶಾದಂಥ ಯೂನಾನಿ ಔಷಧಗಳನ್ನೂ ಒಯ್ಯಬೇಡಿ. ಆಲ್‌ಪ್ರಝೋಲಾಮ್‌ನಂಥ ನಿದ್ದೆ, ಆತಂಕದ ಮಾತ್ರೆಗಳಿಗೂ ಅಲ್ಲಿ ಕಟ್ಟುನಿಟ್ಟಿನ ನಿಯಮಗಳಿವೆ. ವೈದ್ಯರೇ ಬರೆದು ಕೊಟ್ಟಿದ್ದರೆ ಚೀಟಿ ಸಮೇತ, ಆ ದೇಶದ ಅನುಮತಿಯ ನಿಯಮ ತಿಳಿದು ಒಯ್ಯಿರಿ.

ಯಾರದೋ ಮಾತು ಕೇಳಿ ನಿದ್ದೆ ಮಾತ್ರೆ ನುಂಗಿ ಹತ್ತಬೇಡಿ. ಹಿರಿಯರು ತಲೆತಿರುಗಿ ಬೀಳುತ್ತಾರೆ, ಉಸಿರು ಮಂದವಾಗಬಹುದು. ಮತ್ತಿನಲ್ಲಿ ಕಾಲಾಡಿಸದೆ ಮಲಗಿದರೆ ರಕ್ತ ಹೆಪ್ಪುಗಟ್ಟುತ್ತದೆ. ತುರ್ತು ಸಂದರ್ಭದಲ್ಲಿ ಎದ್ದು ನಡೆಯಲೂ ಆಗುವುದಿಲ್ಲ.

ಯಾರು ಮೊದಲೇ ವೈದ್ಯರನ್ನು ಕಾಣಬೇಕು?

ಇತ್ತೀಚೆಗೆ ಹೃದಯಾಘಾತ, ಆಪರೇಷನ್ ಆದವರು, ನಡೆದರೆ ಉಸಿರು ಕಟ್ಟುವವರು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ ಇತಿಹಾಸವಿರುವವರು, ಫಿಟ್ಸ್ ಇರುವವರು ಮತ್ತು ಗರ್ಭಿಣಿಯರು ಟಿಕೆಟ್‌ಗೆ ಮೊದಲೇ ತಜ್ಞ ವೈದ್ಯರನ್ನು ಕಾಣಬೇಕು. ನಿತ್ಯದ ಮಾತ್ರೆ, ಇನ್ಸುಲಿನ್ ಕೈಚೀಲದಲ್ಲಿರಲಿ. ಎದೆನೋವು ಎಡಗೈಗೋ ದವಡೆಗೋ ಹರಡಿದರೆ, ಉಸಿರು ನಿಧಾನಿಸಿದರೂ ಇಳಿಯದಿದ್ದರೆ ಅದನ್ನು ಭಯವೆಂದು ಭಾವಿಸಿ ಕೂರಬೇಡಿ, ಕೂಡಲೇ ಸಿಬ್ಬಂದಿಗೆ ಹೇಳಿ.

ತಿಂಗಳುಗಟ್ಟಲೆ ನಿದ್ದೆ ಕೆಡಿಸುವ, ಪ್ರಯಾಣವನ್ನೇ ರದ್ದು ಮಾಡಿಸುವ ಭಯಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಆಪ್ತಸಲಹೆಯ ಮೂಲಕ, ಭಯದ ಸಂಗತಿಗೆ ಮನಸ್ಸನ್ನು ಹಂತಹಂತವಾಗಿ ಒಗ್ಗಿಸುತ್ತಾರೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಮನೋವೈದ್ಯರ ಬಳಿ ಹೋದರೆ ಜನ ಏನೆಂದಾರು ಎಂಬ ಸಂಕೋಚ ಬೇಡ.

ಮನೆಯವರಿಗೆ ಒಂದು ಮಾತು

ಹೆದರುವ ಅಮ್ಮಿ ಅಬ್ಬಾರನ್ನು "ಇಷ್ಟಕ್ಕೆಲ್ಲ ಹೆದರೋದಾ" ಎಂದು ಗೇಲಿ ಮಾಡಬೇಡಿ. "ಈಮಾನ್ ಗಟ್ಟಿಯಿಲ್ಲ" ಎಂಬ ಮಾತಂತೂ ಬೇಡವೇ ಬೇಡ. ಭಯ ಅಲ್ಲಾಹನು ಮನುಷ್ಯನಲ್ಲಿಟ್ಟ ಒಂದು ರಕ್ಷಣೆ. ಅದು ಅಳತೆ ಮೀರಿದಾಗ ಕಾಯಿಲೆಯಾಗುತ್ತದೆ, ಕಾಯಿಲೆಗೆ ಚಿಕಿತ್ಸೆ ಬೇಕು. ಮೊದಲ ಪ್ರಯಾಣದಲ್ಲಿ ಮನೆಯವರೊಬ್ಬರು ಪಕ್ಕದಲ್ಲಿ ಕೂರಿ, ಸದ್ದು ಬಂದಾಗಲೆಲ್ಲ ಇದು ಚಕ್ರ, ಇದು ಬ್ರೇಕು ಎಂದು ಹೇಳುತ್ತಿರಿ. ಒಬ್ಬರೇ ಹೋಗುವವರಾದರೆ ಹೊರಡುವ ಮೊದಲು ಎರಡು ಸಲ ಬಿಡಿಸಿ ಹೇಳಿ.

ಒಂಟೆಯನ್ನು ಬಿಟ್ಟು ತವಕ್ಕುಲ್ ಮಾಡುವುದಲ್ಲ, ಕಟ್ಟಿ ತವಕ್ಕುಲ್ ಮಾಡಬೇಕೆಂದು ಪ್ರವಾದಿಯವರು(ಸ) ಕಲಿಸಿದ್ದಾರೆ. ವಿಮಾನದಲ್ಲಿ ನಮ್ಮ ಪಾಲಿನ ಹಗ್ಗ ಯಾವುದು? ಸಾಕಷ್ಟು ನಿದ್ದೆ, ಹಗುರ ಊಟ, ಸರಿಯಾದ ಔಷಧ, ಬಿಗಿದ ಬೆಲ್ಟ್, ನಿಧಾನದ ಉಸಿರು. ಪೈಲಟ್‌ನ ಪಾಲಿನದು ಸರಿಯಾದ ಜಾಗದಲ್ಲಿ ಗಟ್ಟಿಯಾಗಿ ಇಳಿಸುವುದು, ಸರಿಕಾಣದಿದ್ದರೆ ಮತ್ತೆ ಏರುವುದು. ಇಷ್ಟನ್ನು ಮಾಡಿ ಉಳಿದದ್ದನ್ನು ಅಲ್ಲಾಹನಿಗೆ ಒಪ್ಪಿಸಿ. ಈ ವರ್ಷದ ಉಮ್ರಾವನ್ನು ಭಯದ ಕಾರಣಕ್ಕೆ ಮುಂದೂಡಬೇಡಿ. ಅವನು ಎಲ್ಲರ ಸಫರ್ ಸುಲಭಗೊಳಿಸಲಿ, ಆಮೀನ್.